ದೀಪದ ಬುಡದ ಮಣ್ಣು

ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿರುವ ಬಂಧುಗಳೊಬ್ಬರ ಮನೆಗೆ ವೈಶಾಖದ ಒಂದು ಮಧ್ಯಾಹ್ನ ಹೋಗಿದ್ದಾಗ, ಪಡಸಾಲೆಯ ಕಿಟಕಿಗೆ ಆತು ನಿಂತು ಭೋರೆಂದು ತಂಗಾಳಿ ಸೂಸುತ್ತಿದ್ದ ತಗಡಿನ ಕೂಲರನ್ನು ಕಂಡು, ಬಿಸಿಲಿನಲ್ಲಿ ನಡೆದು ಬಂದವನಿಗೆ ಸಹಜವಾದ ಆತುರದಿಂದ ಅದರ ಮುಖವನ್ನು ನನ್ನತ್ತ ತಿರುಗಿಸಿಕೊಳ್ಳಲೆಂದು ಕೈ ಚಾಚಿದೆನು. ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬರುತ್ತಿದ್ದ ಮನೆಯ ಸೊಸೆ ಅಲ್ಲಿಂದಲೇ, “ಕಾಕಾ, ಬರೇ ಕಾಲಲ್ಲಿ ಮುಟ್ಟಬ್ಯಾಡ್ರಿ, ಜುಮ್ ಅಂತದ. ಚಪ್ಪಲ್ ಹಾಕ್ಕೊಂಡು ಮುಟ್ರಿ” ಎಂದಳು. ನೋಡಿದರೆ ಕೂಲರಿನ ಪಕ್ಕದಲ್ಲಿ ಒಂದು ಜೊತೆ ರಬ್ಬರಿನ ಚಪ್ಪಲಿ, ಆ ಯಂತ್ರದ ಒಂದು ಭಾಗವೇ ಎಂಬಂತೆ, ಒಪ್ಪವಾಗಿ ಇಡಲ್ಪಟ್ಟಿತ್ತು. ಕೇಳಲಾಗಿ, ಎರಡು ಬೇಸಗೆಗಳಿಂದ ಅದು ಹಾಗೆಯೇ ಇದೆಯೆಂದೂ, ಮನೆಯ ಮಂದಿಗೆಲ್ಲ ರೂಢಿಯಾಗಿದೆಯೆಂದೂ, ಹೊಸಬರಿಗೆ ಮಾತ್ರ ಹೇಳಬೇಕಾಗುತ್ತದೆಯೆಂದೂ ತಿಳಿಯಿತು.

ಮೃತ್ಯುವನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಅದರೊಡನೆ ಇಷ್ಟು ಸೌಜನ್ಯದಿಂದ ಸಂಸಾರ ಮಾಡುವ ಧೈರ್ಯವು ನಮ್ಮ ಬೀದರ ಸೀಮೆಯ ಒಂದು ಮನೆಯದಷ್ಟೇ ಅಲ್ಲ. ಔರಾದಿನಲ್ಲಿ, ಭಾಲ್ಕಿಯಲ್ಲಿ, ಬೀದರ ನಗರದ ಹೊಸ ಬಡಾವಣೆಗಳಲ್ಲಿಯೂ ಇದೇ ಕಥೆ. ಮನೆ ಕಟ್ಟುವಾಗ ಯಾವ ಕೋಣೆಗೆ ಯಾವ ದೀಪ, ದೇವರ ಮನೆಗೆ ಯಾವ ಬಣ್ಣದ ಬೆಳಕು, ಛಾವಣಿಯ ಅಂಚಿನಲ್ಲಿ ಎಂತಹ ಸಾಲುದೀಪ ಎಂಬುದನ್ನು ಕುರಿತು ವಾರಗಟ್ಟಲೆ ವಿಚಾರಿಸುವ ಗೃಹಸ್ಥನು, ಆ ಎಲ್ಲ ದೀಪಗಳ ಕ್ಷೇಮವು ಯಾವ ತಗ್ಗಿನಲ್ಲಿ ಹೂಳಲ್ಪಟ್ಟಿದೆಯೋ ಆ ತಗ್ಗನ್ನು ತೋಡುವ ದಿನ ಮಾತ್ರ ಸ್ಥಳದಲ್ಲಿ ಇರುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂದು ಹಿರಿಯರು ಹೇಳಿದುದು ಎಣ್ಣೆಯ ಹಣತೆಯ ವಿಷಯವಾಗಿ. ವಿದ್ಯುದ್ದೀಪದ ಬುಡ ಇರುವುದಾದರೋ ಮನೆಯ ಹೊರಗೆ, ನೆಲದೊಳಗೆ. ಅಲ್ಲಿಯ ಕತ್ತಲೆಯನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಬರಹದ ಉದ್ದೇಶ.

ನಮ್ಮ ಮನೆಗೆ ಕಂಬದಿಂದ ಇಳಿದು ಬರುವ ತಂತಿಗಳು ಎರಡು: ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಅವುಗಳ ನಡುವಣ ಒತ್ತಡ 230 ವೋಲ್ಟು. ಫೇಸಿನಲ್ಲಿ ಬಂದ ಪ್ರವಾಹವು ದೀಪವನ್ನು ಬೆಳಗಿ, ಫ್ಯಾನನ್ನು ತಿರುಗಿಸಿ, ನ್ಯೂಟ್ರಲ್ ದಾರಿಯಿಂದ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಆ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲನ್ನು ಅಲ್ಲಿಯೇ ನೆಲಕ್ಕೂ ಕೂಡಿಸಿರುವುದರಿಂದ, ನಾವು ಬರಿಗಾಲಲ್ಲಿ ನಿಂತ ಈ ಭೂಮಿಯೆಲ್ಲವೂ ಪ್ರವಾಹಕ್ಕೆ ಮರಳುವ ಎರಡನೆಯ ದಾರಿಯಾಗಿದೆ. ಕೂಲರಿನೊಳಗಿನ ಪಂಪಿನ ವೈರು ಸವೆದು ತಗಡಿಗೆ ತಗುಲಿತೆಂದಾಗ, ಆ ತಗಡು ಫೇಸ್ ತಂತಿಯ ಇನ್ನೊಂದು ತುದಿಯಾಗಿ ಪರಿಣಮಿಸುತ್ತದೆ. ಅದನ್ನು ಮುಟ್ಟಿದವನ ದೇಹವು ಆ ತುದಿಗೂ ಭೂಮಿಗೂ ನಡುವಣ ಸೇತುವೆಯಾಗುತ್ತದೆ. ಒಣನೆಲದ ಮೇಲೆ ಚಪ್ಪಲಿ ಮೆಟ್ಟಿದವನಿಗೆ ಆ ಸೇತುವೆ ದುರ್ಬಲವಾದುದರಿಂದ ಜುಮ್ಮೆನ್ನುವುದಷ್ಟೆ. ಅದೇ ನೆಲವನ್ನು ಸಾರಿಸಿದ ದಿನ, ಒದ್ದೆಗಾಲಿನ ಮಗುವೊಂದು ಬಂದು ಅದೇ ತಗಡನ್ನು ಹಿಡಿದರೆ ಜುಮ್ಮೆನ್ನುವುದಕ್ಕೆ ಅವಕಾಶವಿರುವುದಿಲ್ಲ.

ಈ ಅನರ್ಥವನ್ನು ತಪ್ಪಿಸಲೆಂದೇ ಮೂರನೆಯ ತಂತಿಯೊಂದನ್ನು, ಹಸಿರು ಬಣ್ಣದ್ದನ್ನು, ಉಪಕರಣದ ಲೋಹದ ಮೈಯಿಂದ ಮನೆಯ ಹೊರಗಿನ ಅರ್ಥಿಂಗ್ ತಗ್ಗಿಗೆ ಒಯ್ಯುವುದು. ಮೂರು ಕಾಲಿನ ಪಿನ್ನಿನಲ್ಲಿ ದಪ್ಪವೂ ಉದ್ದವೂ ಆದ ಮೇಲಿನ ಕಾಲು ಈ ತಂತಿಗಾಗಿಯೇ ಇರುವುದು. ಉಳಿದೆರಡು ಕಾಲುಗಳಿಗಿಂತ ಮುಂಚೆ ಸಾಕೆಟ್ಟನ್ನು ಸೇರಿ, ಅವುಗಳ ತರುವಾಯ ಕಳಚಿಕೊಳ್ಳಲಿ ಎಂದೇ ಅದನ್ನು ಉದ್ದವಾಗಿ ಮಾಡಿರುತ್ತಾರೆ. ಸಾಕೆಟ್ಟಿಗೆ ಒಗ್ಗಲಿಲ್ಲವೆಂದು ಆ ಕಾಲನ್ನು ಮುರಿದು ಹಾಕುವ, ಅಥವಾ ಮೂರು ಕಾಲಿನ ಪಿನ್ನನ್ನು ತೆಗೆದು ಎರಡು ಕಾಲಿನದನ್ನು ಕೂಡಿಸುವ ನಮ್ಮ ಜಾಣತನವು, ಭಾವಿಯ ಕಟ್ಟೆ ದಾರಿಗೆ ಅಡ್ಡವಾಯಿತೆಂದು ಅದನ್ನು ಕೆಡವುವ ಜಾಣತನಕ್ಕೆ ಸಮಾನವಾದುದು.

ಇಷ್ಟು ಎಲ್ಲ ಊರಿಗೂ ಒಪ್ಪುವ ಮಾತು. ಆದರೆ ಅರ್ಥಿಂಗೆಂಬುದು ತಂತಿಯ ವಿಷಯವಾಗಿರುವಷ್ಟೇ ಮಣ್ಣಿನ ವಿಷಯವೂ ಆಗಿರುವುದರಿಂದ, ಬೀದರ ಜಿಲ್ಲೆಯವರು ತಮ್ಮ ಮಣ್ಣಿನ ಗುಣವನ್ನು ಪ್ರತ್ಯೇಕವಾಗಿ ಅರಿತುಕೊಳ್ಳಬೇಕು. ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕುಳಿತಿದೆ; ಕೋಟೆಯ ಸುತ್ತಣ ಕಂದಕವನ್ನು ಕೊರೆದದ್ದು ಈ ಕಲ್ಲಿನಲ್ಲಿಯೇ. ರಂಧ್ರಮಯವಾದ ಈ ಕಲ್ಲು ಮಳೆಯ ನೀರನ್ನು ತನ್ನಲ್ಲಿ ನಿಲ್ಲಗೊಡದೆ ಕೆಳಗಿನ ಕರಿಗಲ್ಲಿನವರೆಗೂ ಇಳಿಸಿಬಿಡುತ್ತದೆ. ನೌಬಾದಿನಲ್ಲಿ ಪೂರ್ವಿಕರು ನೆಲದಾಳದ ಸುರಂಗವನ್ನು ತೋಡಿ ಕಾರೇಜಿನ ಮೂಲಕ ನೀರನ್ನು ಹಿಡಿದುಕೊಂಡದ್ದು, ನೀರು ಇಲ್ಲಿ ಮೇಲೆ ನಿಲ್ಲದೆ ಕೆಳಗೆ ಹರಿಯುತ್ತದೆಂಬುದನ್ನು ಅರಿತೇ. ಅವರಿಗೆ ನೀರಿನ ವಿಷಯದಲ್ಲಿ ತಿಳಿದಿದ್ದ ಈ ಸತ್ಯವನ್ನು ನಾವು ವಿದ್ಯುತ್ತಿನ ವಿಷಯದಲ್ಲಿ ಮರೆತಿದ್ದೇವೆ. ಒಣಗಿದ ಜಂಬಿಟ್ಟಿಗೆಯಲ್ಲಿ ಪ್ರವಾಹವು ಸುಲಭವಾಗಿ ಸಂಚರಿಸದು. ಮಳೆಗಾಲದಲ್ಲಿ ಪರೀಕ್ಷಿಸಿದಾಗ ಸೊಗಸಾಗಿದ್ದ ತಗ್ಗು, ಕೂಲರು ಹಗಲಿರುಳು ತಿರುಗುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೇವಲ ನಾಮಮಾತ್ರವಾಗಿರುತ್ತದೆ.

ಭಾಲ್ಕಿ ಔರಾದುಗಳ ಕಡೆ ಇಳಿದರೆ ಎರೆಭೂಮಿ. ಅದು ನೀರನ್ನು ಹಿಡಿದಿಡುವ ಮಣ್ಣಾದುದರಿಂದ ಹಸಿಯಾಗಿರುವವರೆಗೂ ಅರ್ಥಿಂಗಿಗೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ತೊಗರಿ ಕಡಲೆಗಳ ರಾಶಿ ಮುಗಿದು ಬಿಸಿಲೇರಿದಂತೆ ಎರೆಹೊಲ ಹೇಗೆ ಬಾಯಿ ಬಿಡುವುದೋ, ಅರ್ಥಿಂಗ್ ಪೈಪಿನ ಸುತ್ತಣ ಮಣ್ಣೂ ಹಾಗೆಯೇ ಕುಗ್ಗಿ, ಪೈಪಿನಿಂದ ಬೇರ್ಪಟ್ಟು, ನಡುವೆ ಬೆರಳು ತೂರುವಷ್ಟು ಸಂದು ಉಂಟಾಗುತ್ತದೆ. ಕೆಂಪು ನೆಲದಲ್ಲಿ ನೀರು ಇಳಿದು ಹೋದುದರಿಂದ, ಕರಿ ನೆಲದಲ್ಲಿ ಮಣ್ಣು ಸರಿದು ಹೋದುದರಿಂದ, ಕಾರಣ ಬೇರೆಯಾದರೂ ಪರಿಣಾಮ ಒಂದೇ: ತಂತಿಯುಂಟು, ಪೈಪುಂಟು, ಭೂಮಿಯೊಡನೆ ಅವುಗಳ ಮಾತುಕತೆ ಮಾತ್ರ ನಿಂತಿದೆ.

ಆದುದರಿಂದ ತಗ್ಗನ್ನು ತೋಡುವ ಕ್ರಮ ತಿಳಿದಿರಬೇಕು. ಐಎಸ್ 3043 ಎಂಬ ಭಾರತೀಯ ಮಾನಕವು ಹೇಳುವಂತೆ, ಸತುವಿನ ಲೇಪವಿರುವ ಕಬ್ಬಿಣದ ಪೈಪು ಒಳವ್ಯಾಸದಲ್ಲಿ 38 ಮಿಲಿಮೀಟರಿಗೆ ಕಡಿಮೆಯಿರಬಾರದು, ಉದ್ದದಲ್ಲಿ ಎರಡೂವರೆ ಮೀಟರಿಗೆ, ಅಂದರೆ ಸುಮಾರು ಎಂಟು ಅಡಿಗೆ, ಕಡಿಮೆಯಿರಬಾರದು. ಗೋಡೆಯಿಂದ ಒಂದೂವರೆ ಮೀಟರು ದೂರವಿರಬೇಕು. ನಮ್ಮಲ್ಲಿ ನಾಲ್ಕಡಿ ತೋಡುವಷ್ಟರಲ್ಲಿ ಕಲ್ಲು ಹತ್ತಿತೆಂದು ಪೈಪನ್ನು ಕತ್ತರಿಸಿ ಹೂಳುವ ವಾಡಿಕೆಯುಂಟು. ಅದು ಸಲ್ಲದು; ಕಲ್ಲು ಅಡ್ಡ ಬಂದಲ್ಲಿ ಪೈಪನ್ನು ನೇರ ನಿಲುವಿನಿಂದ ಮೂವತ್ತು ಅಂಶದವರೆಗೆ ಓರೆಯಾಗಿ ಇಳಿಸಬಹುದೇ ಹೊರತು ಗಿಡ್ಡ ಮಾಡಕೂಡದು. ಪೈಪಿನ ಸುತ್ತಲೂ ಇದ್ದಿಲು ಉಪ್ಪುಗಳನ್ನು ಪದರ ಪದರವಾಗಿ ತುಂಬುವುದು ಹಳೆಯ ಪದ್ಧತಿ. ಇದ್ದಿಲು ತೇವವನ್ನು ಹಿಡಿದಿಡುತ್ತದೆ, ಉಪ್ಪು ಆ ತೇವವನ್ನು ಪ್ರವಾಹಕ್ಕೆ ಅನುಕೂಲವಾಗಿಸುತ್ತದೆ. ಅದೇ ಉಪ್ಪು ಕಾಲಕ್ರಮದಲ್ಲಿ ಪೈಪನ್ನೂ ತಿನ್ನುವುದರಿಂದ ಕೆಲವು ವರ್ಷಗಳಿಗೊಮ್ಮೆ ಬಗೆದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದುದು ಪೈಪಿನ ಬಾಯಿಗೆ ಆಲಿಕೆಯಿಟ್ಟು, ಮೇಲೆ ಸಣ್ಣ ಮುಚ್ಚಳವಿರಿಸಿ, ಬೇಸಗೆಯುದ್ದಕ್ಕೂ ವಾರಕ್ಕೆರಡು ಬಾರಿಯಾದರೂ ಒಂದು ಕೊಡ ನೀರು ಹೊಯ್ಯುವುದು. ನಮ್ಮೂರ ಕಡೆಯ ವೈರ್‌ಮನ್ ಒಬ್ಬನನ್ನು ಆಕ್ಷೇಪಿಸಿದ್ದಕ್ಕೆ ಅವನು, “ಕಾಕಾ, ತಗ್ಗು ನಾ ತೋಡಿ ಕೊಟ್ಟೀನಿ, ನೀರು ಹಾಕವ್ರು ಯಾರ್ರಿ?” ಎಂದು ನನ್ನನ್ನೇ ಕೇಳಿದನು. ಉತ್ತರ ನನ್ನಲ್ಲಿರಲಿಲ್ಲ. ತುಳಸಿಗೆ ನಿತ್ಯವೂ ನೀರೆರೆಯುವ ಮನೆಯಲ್ಲಿ ಈ ತಗ್ಗು ಉಪವಾಸವಿರುತ್ತದೆ.

ಅರ್ಥಿಂಗ್ ಕೆಟ್ಟಿದ್ದರೇನಾಯಿತು, ಪ್ರವಾಹ ಮಿತಿಮೀರಿದರೆ ತಾನೇ ಕಡಿಯುವ ಎಂಸಿಬಿ ಬೀಳುವುದಿಲ್ಲವೇ ಎಂದು ಕೇಳುವವರುಂಟು. ಇಲ್ಲಿ ಒಂದು ಸಣ್ಣ ಗಣಿತ ಅವಶ್ಯ. ಒತ್ತಡವನ್ನು ಅಡ್ಡಿಯಿಂದ ಭಾಗಿಸಿದರೆ ಪ್ರವಾಹ ದೊರೆಯುವುದೆಂಬುದು ಜರ್ಮನಿಯ ಓಂ 1827ರಲ್ಲಿ ಪ್ರಕಟಿಸಿದ ನಿಯಮ. ಕೂಲರಿನ ಮೈಯಿಂದ ತಗ್ಗಿಗಿಳಿದು, ಮಣ್ಣಿನಲ್ಲಿ ಹಾದು, ಟ್ರಾನ್ಸ್‌ಫಾರ್ಮರನ್ನು ಸೇರುವ ದಾರಿಯ ಒಟ್ಟು ಅಡ್ಡಿ 10 ಓಂ ಎಂದಿಟ್ಟುಕೊಂಡರೆ, 230ನ್ನು 10ರಿಂದ ಭಾಗಿಸಿ ಹರಿಯುವ ಪ್ರವಾಹ 23 ಆಂಪಿಯರು. 16 ಆಂಪಿಯರಿನ ಎಂಸಿಬಿಯು ಇಷ್ಟು ಪ್ರವಾಹಕ್ಕೆ ಒಂದು ಗಂಟೆಯಾದರೂ ಬೀಳದಿರಬಹುದು. ತತ್‌ಕ್ಷಣ ಬೀಳಬೇಕಾದರೆ ಸಾಮಾನ್ಯವಾಗಿ ಮನೆಗಳಿಗೆ ಹಾಕುವ ‘ಸಿ’ ವರ್ಗದ ಎಂಸಿಬಿಗೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರು ಬೇಕು. ಬೇಸಗೆಯ ಒಣತಗ್ಗಿನಲ್ಲಿ ಆ ಅಡ್ಡಿ 20 ಓಂ ಆಯಿತೆನ್ನಿ. ಹನ್ನೊಂದೂವರೆ ಆಂಪಿಯರು ಮಾತ್ರ ಹರಿದು, ಎಂಸಿಬಿ ಎಂದೆಂದಿಗೂ ಬೀಳದೆ, ಕೂಲರು ನಿರಾತಂಕವಾಗಿ ತಿರುಗುತ್ತ, ಅದರ ಮೈ ಮೇಲೆ ಇನ್ನೂರು ವೋಲ್ಟಿನ ಆಸುಪಾಸು ಕುಳಿತೇ ಇರುತ್ತದೆ. ಇನ್ನು ಒದ್ದೆಯಾದ ಮನುಷ್ಯದೇಹದ ಅಡ್ಡಿ ಸುಮಾರು 1,000 ಓಂ ಎಂದರೆ ಅದರಲ್ಲಿ ಹರಿಯುವುದು ಒಂದು ಆಂಪಿಯರಿನ ಕಾಲು ಭಾಗಕ್ಕಿಂತಲೂ ಕಡಿಮೆ. ಪ್ರಾಣ ತೆಗೆಯಲು ಅದು ಧಾರಾಳ. ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿಯಾಗಲಿ ಫ್ಯೂಜಾಗಲಿ ಕಾಯುವುದು ಗೋಡೆಯೊಳಗಿನ ವೈರನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯಲು ಬೇರೆ ಉಪಕರಣವಿದೆ. ಅದರ ಹೆಸರು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಪ್ರವಾಹವೂ ನ್ಯೂಟ್ರಲಿನಲ್ಲಿ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ಕ್ಷಣಕ್ಷಣವೂ ತೂಗಿ ನೋಡುವುದು ಅದರ ಧರ್ಮ. ಹೋದುದಕ್ಕಿಂತ ಬಂದುದು 30 ಮಿಲಿಆಂಪಿಯರಿನಷ್ಟು ಕಡಿಮೆಯಾದರೆ, ಆ ಭಾಗ ಎಲ್ಲಿಯೋ ಭೂಮಿಗೆ, ಬಹುಶಃ ಯಾರದೋ ದೇಹದ ಮೂಲಕ, ಸೋರುತ್ತಿದೆಯೆಂದು ತಿಳಿದು, ಸೆಕೆಂಡಿನ ಮೂರನೆಯ ಒಂದು ಭಾಗ ಕಳೆಯುವುದರೊಳಗೆ ಮನೆಯ ವಿದ್ಯುತ್ತನ್ನು ಕಡಿದುಹಾಕುತ್ತದೆ. ಒಣತಗ್ಗಿನ ಇಪ್ಪತ್ತು ಓಂ ಇದಕ್ಕೆ ಅಡ್ಡಿಯೇ ಅಲ್ಲ. ಕೊಳ್ಳುವಾಗ 30 ಮಿಲಿಆಂಪಿಯರಿನದನ್ನೇ ಕೇಳಿ ಪಡೆಯತಕ್ಕದ್ದು. ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡತಕ್ಕದ್ದು. ಇದೂ ಸರ್ವಶಕ್ತವಲ್ಲವೆಂಬುದು ನೆನಪಿರಲಿ: ಒಂದು ಕೈಯಲ್ಲಿ ಫೇಸನ್ನೂ ಮತ್ತೊಂದರಲ್ಲಿ ನ್ಯೂಟ್ರಲನ್ನೂ ಹಿಡಿದವನನ್ನು ಅದು ದೀಪವೆಂದೇ ಎಣಿಸುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಇದನ್ನು ಹಾಕಿದ ಮರುದಿನವೇ ಪದೇಪದೇ ಬೀಳತೊಡಗಿದರೆ, ಉಪಕರಣ ಕೆಟ್ಟದ್ದೆಂದು ಕಿತ್ತೆಸೆಯುವವರೇ ಹೆಚ್ಚು. ಅದು ಹೇಳುತ್ತಿರುವುದು ಮಾತ್ರ ಬೇರೆ: ಗೋಡೆಯೊಳಗೆ ಎಲ್ಲಿಯೋ ಸೋರಿಕೆಯಿದೆ, ಹುಡುಕಿ.

ಉಳಿದ ಎಚ್ಚರಿಕೆಗಳು ಸಂಕ್ಷೇಪವಾಗಿ ಹೇಳಬಹುದಾದವು. ಅಂಗಡಿಯಲ್ಲಿ ‘ಒಂದೂವರೆ’, ‘ಎರಡೂವರೆ’, ‘ನಾಲ್ಕು’ ಎಂದು ಕರೆಯುವ ವೈರುಗಳಲ್ಲಿ ಮೊದಲನೆಯದು ದೀಪ ಫ್ಯಾನುಗಳಿಗೆ, ಎರಡನೆಯದು ದೊಡ್ಡ ಸಾಕೆಟ್ಟುಗಳಿಗೆ, ಮೂರನೆಯದು ಗೀಸರು ಏಸಿಗಳಿಗೆ. ಹರಿಯುವ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಕಾವು ನಾಲ್ಮಡಿಯಾಗುವುದೆಂಬ ನಿಯಮವಿರುವುದರಿಂದ, ಒಂದೂವರೆಯ ವೈರಿನ ಮೇಲೆ ಎಕ್ಸ್‌ಟೆನ್ಶನ್ ಬಾಕ್ಸ್ ಹೂಡಿ ನೀರು ಕಾಯಿಸುವ ರಾಡನ್ನೂ ಇಸ್ತ್ರಿಯನ್ನೂ ಒಟ್ಟಿಗೆ ನಡೆಸುವವನು ಗೋಡೆಯೊಳಗೆ ಒಲೆ ಹೂಡಿದಂತೆಯೇ ಸರಿ. ಫ್ಯೂಜ್ ಹೋದಾಗ ಕೈಗೆ ಸಿಕ್ಕ ತಾಮ್ರದ ಎಳೆಗಳನ್ನು ಸುತ್ತುವುದು, ಮೈಗಾವಲಿನವನಿಗೆ ನಿದ್ದೆಯ ಗುಳಿಗೆ ಕೊಟ್ಟಂತೆ. ಸ್ವಿಚ್ಚು ಫೇಸನ್ನೇ ಕಡಿಯಬೇಕು. ಅದು ನ್ಯೂಟ್ರಲಿನಲ್ಲಿ ಕುಳಿತಿದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ ವಿದ್ಯುತ್ತು ಎಚ್ಚರವಾಗಿಯೇ ಇದ್ದು, ಬಲ್ಬು ಬದಲಿಸಲು ಏಣಿಯೇರಿದವನನ್ನು ಕೆಡವುತ್ತದೆ. ರಾಡನ್ನು ಬಕೀಟಿನಲ್ಲಿರಿಸಿದಾಗ ನೀರು ಕಾದಿತೇ ಎಂದು ಬೆರಳದ್ದಿ ನೋಡುವ ಮೊದಲು ಪಿನ್ನನ್ನು ಸಾಕೆಟ್ಟಿನಿಂದ ಕಿತ್ತಿರಬೇಕು. ಕೂಲರಿಗೆ ನೀರು ತುಂಬುವಾಗಲೂ ಇದೇ ಮಾತು.

ಅಂಗಳಕ್ಕೆ ಬಂದರೆ, ಬಟ್ಟೆ ಒಣಹಾಕುವುದಕ್ಕೆ ತಂತಿ ಕಟ್ಟುವ ರೂಢಿಯನ್ನು ನಿಲ್ಲಿಸಿ ನಾರಿನ ಅಥವಾ ನೈಲಾನಿನ ಹಗ್ಗವನ್ನು ಕಟ್ಟುವುದು ಲೇಸು. ತಗಡಿನ ಪತ್ರಾಸಿನ ಮನೆಯ ಮೇಲೆ ಹಾದು ಬಂದ ಸರ್ವಿಸ್ ವೈರು ಗಾಳಿಗೆ ತಿಕ್ಕಿ ತಿಕ್ಕಿ ಸವೆದು, ಪತ್ರಾಸಿಗೆ ತಗುಲಿ, ಅಲ್ಲಿಂದ ಬಟ್ಟೆಯ ತಂತಿಗಿಳಿದು, ಒದ್ದೆ ಸೀರೆ ಹರವಲು ಬಂದ ಗೃಹಿಣಿಗಾಗಿ ಕಾದಿರುತ್ತದೆ. ಮುಂಗಾರಿಗೆ ಮುನ್ನ ಗುಡುಗು ಸಿಡಿಲುಗಳು ಎದ್ದಾಗ, ಮೋಡ ದೂರವಿರುವಾಗಲೇ ಟಿವಿ ಫ್ರಿಜ್ಜುಗಳ ಪಿನ್ನನ್ನು ಕಳಚಬೇಕು. ಸಿಡಿಲು ನೆತ್ತಿಯ ಮೇಲೆ ಬಂದ ಬಳಿಕ ಅವನ್ನು ಮುಟ್ಟಲೂ ಬಾರದು. ಒಂದು ಮನೆಯ ದೀಪಗಳು ಮಂಕಾಗಿ ನೆರೆಮನೆಯವು ಅತಿಯಾಗಿ ಪ್ರಜ್ವಲಿಸಿದರೆ ಕಂಬದಲ್ಲಿ ನ್ಯೂಟ್ರಲ್ ಕಡಿದಿರಬಹುದೆಂದು ತಿಳಿದು, ಮೇನ್ ಸ್ವಿಚ್ಚನ್ನು ಇಳಿಸಿ, ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ಕರೆ ಮಾಡತಕ್ಕದ್ದೇ ಹೊರತು ತಾನೇ ಕಂಬವನ್ನೇರತಕ್ಕದ್ದಲ್ಲ.

ಬುಡ ಭದ್ರವಾದ ಮೇಲೆ ಬೆಳಕಿನ ಮಾತು. ಇದರಲ್ಲಿಯೂ ನಮಗೆ ಗುರುಗಳು ಹೊರಗಿನವರಲ್ಲ. ಬಿದರಿಯ ಕುಶಲಿಗಳು ಸತು ತಾಮ್ರಗಳ ಎರಕದಲ್ಲಿ ಬೆಳ್ಳಿಯ ಎಳೆಯನ್ನು ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದ ಪಾತ್ರೆಯನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಇದ್ದಷ್ಟೇ ಇದ್ದರೂ ಸುತ್ತಣ ಕಪ್ಪಿನಿಂದ ಬೆಳಗುತ್ತದೆ. ಬರೀದ್ ಶಾಹಿಗಳ ರಂಗೀನ್ ಮಹಲಿನಲ್ಲಿ ಕರಿಗಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪು ಹೊಳೆಯುವುದೂ ಹೀಗೆಯೇ. ಬೆಳಕಿನ ಸೊಗಸು ಅದರ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಸ್ಥಾನವನ್ನು ಅವಲಂಬಿಸಿದೆಯೆಂಬ ಈ ಪಾಠವನ್ನು ಬಿಟ್ಟು, ನಾವು ಸೂರಿನ ನಡುವೆ ಕಣ್ಣು ಕುಕ್ಕುವ ಬಿಳಿಯ ದೀಪವೊಂದನ್ನು ತೂಗುಹಾಕಿ, ಅದರ ಕೆಳಗೆ ನಮ್ಮ ನೆರಳಿನಲ್ಲಿಯೇ ರೊಟ್ಟಿ ತಟ್ಟುತ್ತೇವೆ.

ದೀಪಕ್ಕೂ ಕೆಲಸದ ಜಾಗಕ್ಕೂ ನಡುವಣ ಅಂತರ ಅರ್ಧವಾದರೆ ಅಲ್ಲಿ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಹತ್ತಡಿ ಎತ್ತರದ ಮಾಳಿಗೆಯಲ್ಲಿ ತೂಗುವ ದೊಡ್ಡ ದೀಪಕ್ಕಿಂತ, ಅಡುಗೆಯವಳ ಮುಂದೆ, ಹಲಗೆಯ ಕೆಳಗೆ ಅಂಟಿಸಿದ ಸಣ್ಣ ದೀಪವು ಹೆಚ್ಚು ಉಪಕಾರಿ. ಹಳೆಯ ಮನೆಗಳ ಗೋಡೆಯಲ್ಲಿ ದೀಪದ ಗೂಡುಗಳು ಎದೆಮಟ್ಟದಲ್ಲಿ, ಬೀಸುಕಲ್ಲಿನ ಬಳಿ, ಬಾಗಿಲಿನ ಪಕ್ಕದಲ್ಲಿ ಇರುತ್ತಿದ್ದುದು ಎಣ್ಣೆಯ ಬೆಳಕು ಅಲ್ಪವೆಂಬುದರಿಂದ. ಆ ಮಿತವ್ಯಯವನ್ನು ಇಂದಿಗೂ ಅನುಸರಿಸಬಹುದು. ದೀಪ ಕೊಳ್ಳುವಾಗ ವ್ಯಾಟನ್ನಲ್ಲದೆ ಡಬ್ಬಿಯ ಮೇಲಿನ ಲ್ಯೂಮೆನ್ನನ್ನು ಓದಬೇಕು. ವ್ಯಾಟು ಖರ್ಚು, ಲ್ಯೂಮೆನ್ ಗಳಿಕೆ. 3,000 ಕೆಲ್ವಿನ್ ಎಂದಿದ್ದರೆ ಹಳದಿಯ ಬೆಳಕು, ಮಲಗುವ ಕೋಣೆಗೂ ಪಡಸಾಲೆಗೂ ಹಿತ. 6,500 ಎಂದಿದ್ದರೆ ನೀಲಿ ಬೆರೆತ ಬಿಳುಪು, ಅಡುಗೆಮನೆಗೂ ಓದಿನ ಮೇಜಿಗೂ ಒಪ್ಪುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ದೀಪ ಎಡಗಡೆಯಿಂದ ಬರಲಿ. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಹೊಡೆಯುವುದೂ ಒಂದು ದೀಪ ಹೆಚ್ಚಿಸಿದಷ್ಟೇ ಸಮ.

ಇನ್ನು ಲೆಕ್ಕ. 60 ವ್ಯಾಟಿನ ಹಳೆಯ ಬುರುಡೆ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. 75 ವ್ಯಾಟಿನ ಸಾಮಾನ್ಯ ಫ್ಯಾನು ದಿನಕ್ಕೆ ಹದಿನೈದು ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 34 ಯೂನಿಟ್ಟು, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಹದಿಮೂರೂವರೆ. 2023ರ ಆಗಸ್ಟ್ 5ರಂದು ನಮ್ಮ ಪಕ್ಕದ ಕಲಬುರಗಿಯಲ್ಲಿಯೇ ಉದ್ಘಾಟನೆಗೊಂಡ ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆಯಲ್ಲಿ, ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಪಾಲು ಉಚಿತ. ತಿಂಗಳಿಗೆ 200 ಯೂನಿಟ್ಟು ದಾಟಿತೆಂದರೆ ಇಡೀ ಬಿಲ್ಲನ್ನೇ ತೆರಬೇಕು. ಬಿಲ್ಲು ಸೊನ್ನೆಯಾದ ಮನೆಗಳಲ್ಲಿ ಉಳಿದ ಹಣದಿಂದ ಮೊದಲು ಕೊಳ್ಳತಕ್ಕದ್ದು ಅಲಂಕಾರದ ದೀಪವೋ ಆರ್‌ಸಿಸಿಬಿಯೋ ಎಂಬುದನ್ನು ಇಷ್ಟು ಓದಿದವರಿಗೆ ಹೇಳಬೇಕಾಗಿಲ್ಲ.

ಮೆಹಕರದ ಆ ಮನೆಗೆ ಮರುಬೇಸಗೆಯಲ್ಲಿ ಹೋದಾಗ, ವೈರ್‌ಮನ್ನನ್ನು ಕರೆಸಿ ಕೂಲರಿನ ಪಂಪನ್ನು ಬದಲಿಸಿದ್ದರು; ಎರಡು ಕಾಲಿನ ಪಿನ್ನು ಹೋಗಿ ಮೂರು ಕಾಲಿನದು ಬಂದಿತ್ತು; ಮೀಟರಿನ ಪಕ್ಕದಲ್ಲಿ ಆರ್‌ಸಿಸಿಬಿ ಕುಳಿತಿತ್ತು. ಹಿತ್ತಲಿಗೆ ಹೋಗಿ ನೋಡಿದರೆ, ಕೂಲರಿನ ತಳದ ಹಳೆಯ ನೀರನ್ನು ಹೊರಹಾಕುವ ನಳಿಗೆಯನ್ನು ಸೊಸೆಯು ಅಂಗಳಕ್ಕೆ ಬಿಡದೆ, ಉದ್ದನೆಯ ಪೈಪೊಂದಕ್ಕೆ ಕೂಡಿಸಿ ಅರ್ಥಿಂಗ್ ತಗ್ಗಿನ ಆಲಿಕೆಗೆ ಇಳಿಸಿದ್ದಳು. ಆವಿಯಾಗಿ ಆವಿಯಾಗಿ ಉಪ್ಪು ಕಟ್ಟಿದ ಆ ನೀರು ತಗ್ಗಿಗೆ ಹೇಳಿ ಮಾಡಿಸಿದಂತಹದು. ಬಿಸಿಲು ಹೆಚ್ಚಿ ಕೂಲರು ಹೆಚ್ಚು ಹೊತ್ತು ತಿರುಗಿದಷ್ಟೂ ತಗ್ಗಿಗೆ ಹೆಚ್ಚು ನೀರು. “ಕೊಡ ಹೊತ್ತು ಯಾರು ಹಾಕ್ತಾರ್ರೀ ಕಾಕಾ, ಅದರ ನೀರು ಅದಕ್ಕೇ ಆಯ್ತು” ಎಂದಳು. ವೈರ್‌ಮನ್ನನ ಪ್ರಶ್ನೆಗೆ ನಾನು ಕೊಡಲಾರದೆ ಹೋದ ಉತ್ತರ ಅದು. ಕೂಲರಿನ ಪಕ್ಕದಲ್ಲಿ ಚಪ್ಪಲಿ ಇರಲಿಲ್ಲ. ಅವಳು ಅದನ್ನು ಮೆಟ್ಟಿಕೊಂಡು ಹಿತ್ತಲಲ್ಲಿ ನಿಂತಿದ್ದಳು.